ಪ್ರಶ್ನೆ ಕೇಳುವುದೂ ಒಂದು ವಿದ್ಯೆ

ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಪರಸ್ಪರ ನೆರವಾಗಲೆಂದು 2008ರಲ್ಲಿ ಅಮೆರಿಕದಲ್ಲಿ ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ಅಂತರ್ಜಾಲ ತಾಣ ಆರಂಭವಾಯಿತು. ಅಲ್ಲಿ ಉತ್ತರಿಸುವವರಿಗೆ ಸಂಬಳವಿಲ್ಲ. ಬರಬರುತ್ತಾ ‘ನನ್ನ ಪ್ರೋಗ್ರಾಂ ಓಡುತ್ತಿಲ್ಲ, ಸರಿಪಡಿಸಿ ಕೊಡಿ’ ಎಂಬಂತಹ ಅರೆಬರೆ ಪ್ರಶ್ನೆಗಳೂ ಹಿಂದೆಯೇ ಉತ್ತರ ದೊರೆತ ಪ್ರಶ್ನೆಗಳೂ ರಾಶಿ ಬಿದ್ದವು. ಬಲ್ಲವರು ಬೇಸತ್ತರು. ಹೊಸಬರು ಅವರ ಗದರಿಕೆಗೆ ಅಂಜಿದರು. ಹೊಸಬರಿಗೆ ಇಲ್ಲಿ ಸ್ವಾಗತ ಸಾಲದೆಂದು 2018ರಲ್ಲಿ ಸಂಸ್ಥೆಯೇ ಒಪ್ಪಿಕೊಂಡಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಅಲ್ಲಿ ಪ್ರಶ್ನೆಗಳ ಸಂಖ್ಯೆಯೇ ಕುಸಿಯಿತು.

ಯಂತ್ರ ಗದರುವುದಿಲ್ಲ, ನಿಜ. ಆದರೆ ಅರೆಬರೆ ಪ್ರಶ್ನೆಗೆ ಅದೂ ಊಹಿಸಿಯೇ ಉತ್ತರಿಸುತ್ತದೆ. ಏನು ಮಾಡಹೊರಟೆ, ಏನೇನು ಮಾಡಿ ನೋಡಿದೆ, ಪರದೆಯ ಮೇಲೆ ಯಾವ ಸಂದೇಶ ಬಂತು ಎಂಬ ಮೂರನ್ನು ಬರೆದುಕೊಂಡು ಕೇಳಲು ನಮ್ಮ ಮಕ್ಕಳಿಗೆ ಕಲಿಸೋಣ. ಹಾಗೆ ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆದುಬಿಡುತ್ತದೆ.