ಬುತ್ತಿ, ಬಜ್ಜಿ ಮತ್ತು ಬಿಸಿಲು

ಮಕ್ಕಳೇ, ಏಪ್ರಿಲ್ ತಿಂಗಳ ಒಂದು ಭಾನುವಾರ ಮನೆಯವರೆಲ್ಲ ಸೇರಿ ಎಲ್ಲಾದರೂ ಹೋಗಿ ಬರೋಣ ಎಂದು ತೀರ್ಮಾನವಾಗಿದೆ ಎಂದುಕೊಳ್ಳಿ. ಶಿವಮೊಗ್ಗದವರಾದರೆ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೋ, ಸಕ್ರೆಬೈಲಿನ ಆನೆ ಬಿಡಾರಕ್ಕೋ, ತುಂಗೆ ಮತ್ತು ಭದ್ರೆ ಸಂಗಮವಾಗುವ ಕೂಡಲಿಗೋ ಹೊರಡುತ್ತೀರಿ. ಭದ್ರಾವತಿಯವರಾದರೆ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಕಡೆಗೆ ಹೋಗಬಹುದು. ಮಧ್ಯಾಹ್ನಕ್ಕೆ ಮನೆಯಿಂದ ಕಟ್ಟಿಕೊಂಡ ಬುತ್ತಿ. ಸಂಜೆ ಮರಳುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಬ್ಬಿನ ಹಾಲು.

ಆಗ ಮನೆಯಲ್ಲಿ ಕೆಲವು ಮಾತುಗಳು ಕೇಳಿಬರುತ್ತವೆ. “ಕಾಯಿ ಚಟ್ನಿ ಬೇಡ, ಪುಳಿಯೋಗರೆ ಕಟ್ಟಮ್ಮ” ಎನ್ನುತ್ತಾರೆ ಅಜ್ಜಿ. “ಐಸ್ ಹಾಕಿದ್ದು ಬೇಡ” ಎನ್ನುತ್ತಾರೆ ಅಮ್ಮ. “ಕತ್ತರಿಸಿ ಇಟ್ಟ ಕಲ್ಲಂಗಡಿ ಮುಟ್ಟಬೇಡ” ಎನ್ನುತ್ತಾರೆ ಅಪ್ಪ. ಇವೆಲ್ಲ ಬರೀ ಗದರಿಕೆಯೇ? ಅಥವಾ ಇವುಗಳ ಹಿಂದೆ ವಿಜ್ಞಾನವೇನಾದರೂ ಇದೆಯೇ? ಬನ್ನಿ, ಒಂದೊಂದಾಗಿ ನೋಡೋಣ.

ಬಿಸಿಲಿನಲ್ಲಿ ನಮ್ಮ ದೇಹ

ಆರೋಗ್ಯವಂತರ ದೇಹದ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಇದಕ್ಕಿಂತ ತಂಪಾಗಿದ್ದರೆ ದೇಹದ ಉಷ್ಣ ಗಾಳಿಗೆ ಹರಿದುಹೋಗುತ್ತದೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 35 ಡಿಗ್ರಿ ದಾಟುವುದು ಸಾಮಾನ್ಯ. ಆಗ ಉಷ್ಣ ಹೊರಹೋಗುವ ಈ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಉಳಿಯುವ ದಾರಿ ಒಂದೇ, ಬೆವರು.

ಬೆವರು ಸುರಿದರಷ್ಟೇ ಸಾಲದು, ಅದು ಆವಿಯಾಗಬೇಕು. 1 ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಅದನ್ನು ಅದು ನಮ್ಮ ಚರ್ಮದಿಂದಲೇ ಪಡೆಯುತ್ತದೆ. 580 ಕ್ಯಾಲೊರಿ ಎಂದರೆ 58 ಗ್ರಾಂ ನೀರನ್ನು 10 ಡಿಗ್ರಿಯಷ್ಟು ಬಿಸಿಮಾಡಲು ಬೇಕಾಗುವ ಉಷ್ಣ. ಒಂದು ಗ್ರಾಂ ಬೆವರಿನ ಕೆಲಸ ಎಷ್ಟು ದೊಡ್ಡದು ನೋಡಿ! ಮಂಗಳೂರಿನಂಥ ಕರಾವಳಿಯ ಊರುಗಳಲ್ಲಿ ಗಾಳಿಯಲ್ಲಿ ತೇವಾಂಶ ಹೆಚ್ಚು. ಅಲ್ಲಿ ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಉಷ್ಣಾಂಶ ನಮ್ಮೂರಿಗಿಂತ ಕಡಿಮೆ ಇದ್ದಾಗಲೂ ಅಲ್ಲಿ ಸೆಕೆ ಹೆಚ್ಚೆನಿಸುತ್ತದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೆಸರನ್ನು ನೀವು ಕೇಳಿರುತ್ತೀರಿ. ಅಲ್ಲಿ ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಊದುಕುಲುಮೆಯಲ್ಲಿ ಕರಗಿದ ಕಬ್ಬಿಣದ ಉಷ್ಣಾಂಶ 1,400 ಡಿಗ್ರಿಗೂ ಹೆಚ್ಚು. ಇಂಥ ಕುಲುಮೆಯ ಮುಂದೆ ದುಡಿಯುವವರ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಬೆವರಿನಲ್ಲಿ ನೀರಿನ ಜೊತೆಗೆ ಉಪ್ಪೂ ಇರುತ್ತದೆ. ಬೆವರು ತುಟಿಗೆ ತಾಗಿದಾಗ ಉಪ್ಪುಪ್ಪಾಗಿರುವುದು ಇದರಿಂದಲೇ. ಬಿಸಿಲಿನಲ್ಲಿ ಓಡಾಡುವ ನಮ್ಮಿಂದಲೂ, ಕಡಿಮೆ ಪ್ರಮಾಣದಲ್ಲಿ, ಇವೆರಡೂ ಹೊರಹೋಗುತ್ತವೆ. ಅದಕ್ಕೇ ಉಪ್ಪು ಹಾಕಿದ ನೀರುಮಜ್ಜಿಗೆ ಬೇಸಿಗೆಯ ಒಳ್ಳೆಯ ಪಾನೀಯ. ಬಾಯಾರುವವರೆಗೆ ಕಾಯದೆ ಆಗಾಗ ನೀರು ಕುಡಿಯುತ್ತಿರಬೇಕು.

ಕಣ್ಣಿಗೆ ಕಾಣದ ಅತಿಥಿಗಳು

ಬಿಸಿಲಿನಲ್ಲಿ ನಾವು ಬಳಲುತ್ತೇವೆ. ಆದರೆ ಅದೇ ಬಿಸಿಯಲ್ಲಿ ಹಿಗ್ಗುವವರೂ ಇದ್ದಾರೆ. ಅವೇ ಬ್ಯಾಕ್ಟೀರಿಯಾಗಳು. ಆಹಾರವನ್ನು ಕೆಡಿಸುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು ಬೆಳೆಯಲು ನಾಲ್ಕು ಅನುಕೂಲಗಳು ಬೇಕು: ತಿನ್ನಲು ಆಹಾರ, ತೇವ, ಹದವಾದ ಬಿಸಿ ಮತ್ತು ಸಮಯ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣಾಂಶವನ್ನು ಆಹಾರದ ಮಟ್ಟಿಗೆ ‘ಅಪಾಯದ ವಲಯ’ ಎನ್ನುತ್ತಾರೆ. ನಮ್ಮೂರಿನ ಬೇಸಿಗೆಯ 35 ಡಿಗ್ರಿ ಈ ವಲಯದಲ್ಲೇ ಬರುತ್ತದೆ. ನಮ್ಮ ಕರುಳಿನಲ್ಲಿ ರೋಗ ತರುವ ಅನೇಕ ಬ್ಯಾಕ್ಟೀರಿಯಾಗಳಿಗಂತೂ ಇದು ಬಹಳ ಇಷ್ಟವಾದ ಬಿಸಿ.

ಎಲ್ಲ ಅನುಕೂಲಗಳೂ ಇದ್ದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 7 ಗಂಟೆಗೆ ಡಬ್ಬಿಯಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇತ್ತು ಎನ್ನಿ. 8 ಗಂಟೆಗೆ 8, 9 ಗಂಟೆಗೆ 64, 10 ಗಂಟೆಗೆ 512. ಮಧ್ಯಾಹ್ನ 1 ಗಂಟೆಗೆ ನೀವು ಡಬ್ಬಿ ತೆರೆಯುವಾಗ 2,62,144! ಆಗಲೂ ಅನ್ನ ನೋಡಲು ಚೆನ್ನಾಗಿಯೇ ಇರಬಹುದು, ವಾಸನೆಯೂ ಬಾರದಿರಬಹುದು. ವಾಸನೆ ಬಂದಿಲ್ಲ ಎಂದ ಮಾತ್ರಕ್ಕೆ ಕೆಟ್ಟಿಲ್ಲ ಎನ್ನುವಂತಿಲ್ಲ.

“ಮತ್ತೆ ಬಿಸಿ ಮಾಡಿದರಾಯಿತಲ್ಲ?” ಎಂದು ನೀವು ಕೇಳಬಹುದು. ಬಿಸಿ ಮಾಡಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ, ನಿಜ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯುವಾಗ ವಿಷವಸ್ತುವನ್ನು ಬಿಡುಗಡೆ ಮಾಡುತ್ತವೆ. ಅಂಥ ಕೆಲವು ವಿಷಗಳು ಕುದಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಬೆಳೆಯಲು ಬಿಡದಿರುವುದೇ ಸರಿಯಾದ ಉಪಾಯ. ಮೇಲೆ ಹೇಳಿದ ನಾಲ್ಕು ಅನುಕೂಲಗಳಲ್ಲಿ ಒಂದನ್ನು ತಪ್ಪಿಸಿದರೂ ಅವುಗಳ ಆಟ ನಿಧಾನವಾಗುತ್ತದೆ.

ಅಜ್ಜಿಯ ಬುತ್ತಿಯ ಗುಟ್ಟು

ಈಗ ಬುತ್ತಿಯನ್ನು ಬಿಚ್ಚೋಣ. ಪುಳಿಯೋಗರೆಯಲ್ಲಿ ಹುಣಸೆಹುಳಿ ಇದೆ. ಚಿತ್ರಾನ್ನದಲ್ಲಿ ನಿಂಬೆಹುಳಿ ಇದೆ. ಹುಳಿ ಎಂದರೆ ಆಮ್ಲ. ಆಮ್ಲ ಹೆಚ್ಚಿದ್ದಲ್ಲಿ ಹೆಚ್ಚಿನ ರೋಗಾಣುಗಳು ಬೆಳೆಯಲಾರವು. ಪುಳಿಯೋಗರೆಯ ಗೊಜ್ಜನ್ನು ನೀರಿನಂಶ ಇಂಗುವವರೆಗೆ ಕುದಿಸಿ, ಉಪ್ಪು, ಬೆಲ್ಲ, ಎಣ್ಣೆ ಹಾಕಿರುತ್ತಾರೆ. ಅದು ಇನ್ನೂ ಗಟ್ಟಿ ಕೋಟೆ.

ಮೊಸರನ್ನದ ಕಥೆ ಇನ್ನೂ ಸೊಗಸು. ಪ್ರಯಾಣಕ್ಕೆ ಕಟ್ಟುವಾಗ ಅನೇಕ ಮನೆಗಳಲ್ಲಿ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಿ, ಒಂದೆರಡು ಚಮಚ ಮೊಸರನ್ನು ಮಾತ್ರ ಸೇರಿಸುತ್ತಾರೆ. ಮೊಸರಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ದಾರಿಯುದ್ದಕ್ಕೂ ಬೆಳೆದು, ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಹದವಾದ ಹುಳಿ! ಬಸ್ಸಿನಲ್ಲಿ ಕುಳಿತಿರುವಾಗಲೇ ಡಬ್ಬಿಯೊಳಗೆ ಮೊಸರು ತಯಾರಾಗುತ್ತಿರುತ್ತದೆ.

ಜೊತೆಗಿರುವ ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನೋಡಿ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಅದರಲ್ಲಿರುವ ಉಪ್ಪು ಬ್ಯಾಕ್ಟೀರಿಯಾದ ಕೋಶದೊಳಗಿನ ನೀರನ್ನೇ ಹೊರಗೆಳೆಯುತ್ತದೆ. ನೀರಿಲ್ಲದೆ ಅದು ಬೆಳೆಯುವುದೆಲ್ಲಿಂದ ಬಂತು?

ಕಾಯಿ ಚಟ್ನಿಯಲ್ಲಿ ಇದಾವುದೂ ಇಲ್ಲ. ಅದನ್ನು ಬೇಯಿಸಿಲ್ಲ, ಅದರಲ್ಲಿ ನೀರು ಹೆಚ್ಚು, ಹುಳಿ ಕಡಿಮೆ. ಆದ್ದರಿಂದ ಬಿಸಿಲಿನಲ್ಲಿ ಅದು ಬೇಗ ಹಳಸುತ್ತದೆ. ಅದರ ಬದಲು ಚಟ್ನಿಪುಡಿ ಒಯ್ದರೆ ಚಿಂತೆಯಿಲ್ಲ, ಏಕೆಂದರೆ ಅದರಲ್ಲಿ ತೇವವಿಲ್ಲ.

ಒಂದು ಎಚ್ಚರಿಕೆ. ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ ಕೂಡಲೇ ಮುಚ್ಚಬಾರದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಬೇಯುವಾಗಲೂ ಅವು ಸಾಯದೆ ಉಳಿಯುತ್ತವೆ. ಮುಚ್ಚಿದ ಡಬ್ಬಿಯಲ್ಲಿ ಅನ್ನ ನಿಧಾನವಾಗಿ ಆರುತ್ತದೆ. ಗಂಟೆಗಟ್ಟಲೆ ಉಗುರುಬೆಚ್ಚಗಿರುವ ಆ ಅನ್ನದಲ್ಲಿ ಬೀಜಕಗಳು ಮೊಳೆಯುತ್ತವೆ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಹುಳಿ ಕಲಸಿ ಕಟ್ಟಬೇಕು. ಹುಳಿ ಕಲಸಿದ ಅನ್ನವಾದರೂ ಮಧ್ಯಾಹ್ನವೇ ಮುಗಿಸಬೇಕು, ರಾತ್ರಿಗೆ ಉಳಿಸಬಾರದು.

ಬಾಣಲೆಯಿಂದ ತಟ್ಟೆಗೆ

ತಳ್ಳುಗಾಡಿ ಎಂದರೆ ಕೊಳಕು, ದೊಡ್ಡ ಹೋಟೆಲ್ ಎಂದರೆ ಶುಚಿ ಎಂದು ತಿಳಿಯಬೇಡಿ. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯೋಣ.

ಬಜ್ಜಿ ಕರಿಯುವ ಎಣ್ಣೆಯ ಉಷ್ಣಾಂಶ ಸುಮಾರು 170ರಿಂದ 180 ಡಿಗ್ರಿ. ನಿಮ್ಮ ಕಣ್ಣೆದುರೇ ಬಾಣಲೆಯಿಂದ ತೆಗೆದ ಬಜ್ಜಿಯಲ್ಲಿ ಬ್ಯಾಕ್ಟೀರಿಯಾ ಬದುಕಿರುವುದು ಕಷ್ಟ. ಆದರೆ ಅದೇ ಬಜ್ಜಿ ಬೆಳಿಗ್ಗೆ ಕರಿದದ್ದಾಗಿದ್ದು, ನೊಣ ಕೂತಿದ್ದರೆ? ನೊಣ ಘನ ಆಹಾರವನ್ನು ಅಗಿಯಲಾರದು. ತನ್ನ ಎಂಜಲನ್ನು ಅದರ ಮೇಲೆ ಉಗುಳಿ, ಕರಗಿಸಿ ಹೀರುತ್ತದೆ. ಅದಕ್ಕೆ ಮೊದಲು ಅದು ಚರಂಡಿಯ ಮೇಲೆ ಕೂತು ಬಂದಿರಬಹುದು. ಇನ್ನೊಂದು ವಿಷಯ: ಬಜ್ಜಿಯನ್ನು ಮುದ್ರಿತ ಪತ್ರಿಕೆಯ ಹಾಳೆಯಲ್ಲಿ ಕೊಟ್ಟರೆ ಬೇಡವೆನ್ನಿ. ಬಿಸಿ ಎಣ್ಣೆಗೆ ಶಾಯಿ ಅಂಟಿಕೊಳ್ಳುತ್ತದೆ. ಪತ್ರಿಕೆಯಲ್ಲಿ ಆಹಾರ ಕಟ್ಟಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲೇ ಸೂಚನೆ ನೀಡಿದೆ. ಬಾಳೆಲೆಯ ತುಂಡು ಅಥವಾ ತಟ್ಟೆ ಒಳ್ಳೆಯದು.

ಬಜ್ಜಿಯ ಮೆಣಸಿನಕಾಯಿ ಕಚ್ಚಿದಾಗ ಬಾಯಿ ಉರಿದರೆ ಏನು ಮಾಡುತ್ತೀರಿ? ನೀರು ಕುಡಿದರೆ ಉರಿ ಇಳಿಯುವುದಿಲ್ಲ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಮಜ್ಜಿಗೆ ಅಥವಾ ಹಾಲು ಕುಡಿಯಿರಿ. ಅವುಗಳಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನನ್ನು ಹಿಡಿದು ಕೊಂಡೊಯ್ಯುತ್ತದೆ.

ಮಂಡಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುತ್ತಾರೆ. ಅಕ್ಕಿಯೊಳಗಿನ ತೇವ ತಟ್ಟನೆ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹೆಚ್ಚುತ್ತದೆ. ಆ ಒತ್ತಡಕ್ಕೆ ಕಾಳು ಉಬ್ಬುತ್ತದೆ. ಒಣಗಿದ ಮಂಡಕ್ಕಿ ಬಹಳ ದಿನ ಕೆಡುವುದಿಲ್ಲ. ಈರುಳ್ಳಿ, ಟೊಮೆಟೊ ಸೇರಿಸಿದ ಕೂಡಲೇ ಅದು ತೇವ ಹೀರಿ ಮೆತ್ತಗಾಗುತ್ತದೆ. ಆದ್ದರಿಂದ ಕಲಸಿದ ಮಂಡಕ್ಕಿಯನ್ನು ಆಗಲೇ ತಿನ್ನಬೇಕು. ಪಾನಿಪೂರಿಯಲ್ಲೂ ಹೀಗೆಯೇ. ಪೂರಿ ಒಣಗಿದ್ದು, ಅದರಿಂದ ಭಯವಿಲ್ಲ. ಪಾನಿಗೆ ಹಾಕಿದ ನೀರು ಯಾವುದು, ಅದರಲ್ಲಿ ಮುಳುಗಿದ ಕೈ ತೊಳೆದದ್ದೇ ಎಂಬುದೇ ಪ್ರಶ್ನೆ.

ನೀರು, ಐಸು, ಎಳನೀರು

“ಗಂಗಾ ಸ್ನಾನ, ತುಂಗಾ ಪಾನ” ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ತುಂಗೆಯ ನೀರಿನ ಸಿಹಿಯನ್ನು ಹಿರಿಯರು ಹೊಗಳಿದ್ದು ಹೀಗೆ. ಆದರೆ ಇಂದು ನದಿ ನಮ್ಮನ್ನು ಮುಟ್ಟುವ ಮೊದಲು ಶೃಂಗೇರಿ, ತೀರ್ಥಹಳ್ಳಿಯಂಥ ಊರುಗಳನ್ನು ದಾಟಿ ಬರುತ್ತದೆ. ಅದಕ್ಕೇ ಊರಿಗೆ ಕೊಡುವ ನದಿ ನೀರನ್ನು ಸೋಸಿ, ಕ್ಲೋರಿನ್ ಹಾಕಿ ಶುದ್ಧೀಕರಿಸುತ್ತಾರೆ. ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧವಲ್ಲ. ಕೂಡಲಿಗೆ ಹೋದಾಗ ಹೊಳೆಯ ನೀರನ್ನು ನೇರವಾಗಿ ಕುಡಿಯದೆ, ಮನೆಯಿಂದ ಕುದಿಸಿ ಆರಿಸಿದ ನೀರನ್ನು ಒಯ್ಯಿರಿ.

ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರ್ ಎತ್ತರಕ್ಕೆ ನೀರಿನ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. ಆದ್ದರಿಂದ ಇಲ್ಲಿ ನೀರು ಕುದಿಯುವುದು 100ರಲ್ಲಲ್ಲ, ಸುಮಾರು 98 ಡಿಗ್ರಿಯಲ್ಲಿ. ರೋಗಾಣುಗಳನ್ನು ಕೊಲ್ಲಲು ಅಷ್ಟು ಸಾಕು. ಕೊತಕೊತ ಕುದಿಯುವಂತೆ ಒಂದು ನಿಮಿಷ ಬಿಡಬೇಕು.

ಐಸಿನ ವಿಷಯ? ಚಳಿಗೆ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ. ಅನೇಕವು ನಿದ್ರೆ ಹೋದಂತೆ ಸುಮ್ಮನಿದ್ದು, ಐಸು ಕರಗಿದೊಡನೆ ಎಚ್ಚರಗೊಳ್ಳುತ್ತವೆ. ಕೊಳಕು ನೀರಿನಿಂದ ಮಾಡಿದ ಐಸು ಕೊಳಕೇ. ಅಮ್ಮ ಹೇಳಿದ್ದು ಸರಿ. ಐಸಿಲ್ಲದೆ, ತೊಳೆದ ಲೋಟದಲ್ಲಿ, ಎದುರಿಗೇ ಹಿಂಡಿದ ಕಬ್ಬಿನ ಹಾಲನ್ನು ಕುಡಿಯಬಹುದು. ಅದಕ್ಕಿಂತ ಒಳ್ಳೆಯದು ಎಳನೀರು. ಗಟ್ಟಿ ಸಿಪ್ಪೆಯೊಳಗೆ ಭದ್ರವಾಗಿರುವ ಆ ನೀರನ್ನು ಕೆತ್ತುವವರೆಗೂ ಯಾವ ಕೈಯೂ ಮುಟ್ಟಿರುವುದಿಲ್ಲ. ಕಲ್ಲಂಗಡಿಗೂ ಅಂಥದೇ ಸಿಪ್ಪೆ ಇದೆ. ಕತ್ತರಿಸಿ ಇಟ್ಟೊಡನೆ ಆ ಕಾವಲು ಹೋಗುತ್ತದೆ. ಬೇಕಿದ್ದರೆ ಇಡೀ ಹಣ್ಣು ಕೊಂಡು ಮನೆಯಲ್ಲೇ ಕತ್ತರಿಸಿ.

ಹೊಟ್ಟೆ ಕೆಟ್ಟರೆ

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ವಾಂತಿ, ಭೇದಿ ಆಗಬಹುದು. ಆಗ ದೊಡ್ಡ ಅಪಾಯ ದೇಹದ ನೀರು ಮತ್ತು ಲವಣ ಖಾಲಿಯಾಗುವುದು. ಚಿಕ್ಕ ಮಕ್ಕಳಿಗೆ ಇದು ಪ್ರಾಣಾಪಾಯವನ್ನೇ ತರಬಹುದು. ಇದಕ್ಕೆ ಮದ್ದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ. ಚಮಚ ಗೋಪುರವಾಗಿರದೆ ಸಮತಟ್ಟಾಗಿರಬೇಕು. ಉಪ್ಪು ಹೆಚ್ಚಾದರೆ ತೊಂದರೆ. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು.

ಸಕ್ಕರೆ ಏಕೆ? ರುಚಿಗಲ್ಲ! ಸಕ್ಕರೆಯಿಂದ ಬರುವ ಗ್ಲುಕೋಸ್ ಜೊತೆಗಿದ್ದರೆ ಮಾತ್ರ ಕರುಳು ಉಪ್ಪಿನ ಸೋಡಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಅವುಗಳ ಹಿಂದೆ ನೀರೂ ಒಳಬರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಆಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣವನ್ನು ಕುಡಿಸಲು ನಿರ್ಧರಿಸಿದರು. ನೂರಕ್ಕೆ 20-30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.

ರೋಗಿಯ ಕಣ್ಣು ಗುಳಿಬಿದ್ದರೆ, ಮೂತ್ರ ಬಹಳ ಕಡಿಮೆಯಾದರೆ, ಮಂಪರು ಬಂದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಿರಬೇಕು.

ಮಾಡಿ ನೋಡಿ

1. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ. ಎರಡನ್ನೂ ಗಾಳಿಯಾಡುವ ನೆರಳಿನಲ್ಲಿಡಿ. 10 ನಿಮಿಷಕ್ಕೊಮ್ಮೆ ಥರ್ಮಾಮೀಟರಿನಿಂದ ಉಷ್ಣಾಂಶ ಅಳೆಯಿರಿ. ಯಾವುದು ತಂಪಾಯಿತು? ಬೆವರಿಗೂ ಇದಕ್ಕೂ ಏನು ಸಂಬಂಧ?

2. ನಾಲ್ಕು ಪಾರದರ್ಶಕ ಡಬ್ಬಿಗಳಲ್ಲಿ ಒಂದೊಂದು ಚಮಚ ಅನ್ನ ಹಾಕಿ. ಮೊದಲನೆಯದು ಬರೀ ಅನ್ನ, ಎರಡನೆಯದಕ್ಕೆ ಹುಣಸೆರಸ, ಮೂರನೆಯದಕ್ಕೆ ಧಾರಾಳವಾಗಿ ಉಪ್ಪು, ನಾಲ್ಕನೆಯದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಅನ್ನ. ಮುಚ್ಚಳ ಹಾಕಿ ನಾಲ್ಕು ದಿನ ಹೊರಗಿನಿಂದಲೇ ಗಮನಿಸಿ. ಮೊದಲು ಬದಲಾದದ್ದು ಯಾವುದು? ಡಬ್ಬಿ ತೆರೆಯಬೇಡಿ, ರುಚಿ ನೋಡಬೇಡಿ. ಕೊನೆಗೆ ಶಿಕ್ಷಕರ ಸಹಾಯದಿಂದ ಹೂತುಹಾಕಿ, ಕೈಗಳನ್ನು ಸೋಪಿನಿಂದ ತೊಳೆಯಿರಿ.

ಮುಂದಿನ ಸಲ ಮನೆಯವರೊಂದಿಗೆ ಹೊರಗೆ ಹೋದಾಗ ತಿಂಡಿಯ ಮುಂದೆ ನಿಂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಮಾಡಿ ಎಷ್ಟು ಹೊತ್ತಾಯಿತು? ಬಿಸಿಯಾಗಿದೆಯೇ? ಒಣಗಿದ್ದೇ, ಹುಳಿಯಾದದ್ದೇ, ಇಲ್ಲವೇ ಬರೀ ತೇವದ್ದೇ? ಯಾವ ನೀರು, ಯಾವ ಕೈ ಮುಟ್ಟಿದ್ದು? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಗತಿಯಲ್ಲಿ ಚರ್ಚಿಸಿ.