ಹೊಲದ ಕಾಯ್ದೆ ಮನೆಗೆ ಹತ್ತುವುದಿಲ್ಲ

ಸಮೀರವಾಡಿ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಬಂದವರಿಗೆಲ್ಲ ಕ್ವಾರ್ಟರ್ಸ್ ಸಿಗುವುದಿಲ್ಲ. ಹೊರಗೆ ಮಹಾಲಿಂಗಪುರದ ಕಡೆ ಮನೆ ಕೇಳಲು ಹೋದರೆ, ಬೀಗ ಹಾಕಿದ ಮನೆ ಎದುರಿಗೇ ಇದ್ದರೂ ಮಾಲೀಕರು ಅನುಮಾನಿಸುತ್ತಾರೆ. "ಭಾಳ ವರ್ಷ ಇದ್ರ ಮನಿ ಅವರ ಹೆಸರಿಗೇ ಆಗ್ತೈತ್ರಿ."

ಈ ಭಯ ಹುಟ್ಟಿದ್ದು ಹೊಲದಲ್ಲಿ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಲಾವಣಿಗೆ ಕೊಟ್ಟ ಜಮೀನುಗಳು ಸರ್ಕಾರಕ್ಕೆ ಸೇರಿದವು; ಉಳುತ್ತಿದ್ದವರು ನಮೂನೆ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಒಡೆಯರಾದರು. ಜಮೀನು ಕಳೆದುಕೊಂಡವರು ಆ ಕಥೆಯನ್ನು ಮಕ್ಕಳಿಗೂ ಹೇಳಿದರು. ಆದರೆ ಆ ಕಾಯ್ದೆ ಕೃಷಿ ಜಮೀನಿನದು. ಬಾಡಿಗೆಗೆ ಕೊಟ್ಟ ವಾಸದ ಮನೆಗೆ ಅದರ ಸಂಬಂಧವಿಲ್ಲ.

"ಹನ್ನೆರಡು ವರ್ಷ ಇದ್ದರೆ ಮನೆ ಅವರದೇ" ಎಂಬ ಮಾತು 1963ರ ಕಾಲಮಿತಿ ಕಾಯ್ದೆಯಿಂದ ಬಂದದ್ದು. ಅಲ್ಲಿ ಹಕ್ಕು ಹುಟ್ಟಬೇಕಾದರೆ ಮಾಲೀಕನ ಒಡೆತನವನ್ನು ಧಿಕ್ಕರಿಸಿ, ಬಹಿರಂಗವಾಗಿ ಕಬ್ಜೆಯಲ್ಲಿ ಇರಬೇಕು. ತಿಂಗಳಿಗೊಮ್ಮೆ ಬಾಡಿಗೆ ಕೊಡುವವನು ಮಾಲೀಕ ನೀನೇ ಎಂದು ತಿಂಗಳಿಗೊಮ್ಮೆ ಒಪ್ಪಿದಂತೆ. ಅವನು ಮೂವತ್ತು ವರ್ಷ ಇದ್ದರೂ ಬಾಡಿಗೆದಾರನೇ. ತಮಾಷೆಯೆಂದರೆ, ಹೆದರಿದ ಮಾಲೀಕರು ಪಾವತಿ ಕೊಡದೆ ಬಾಡಿಗೆಯನ್ನು ಕೈಯಲ್ಲೇ ಇಸಿದುಕೊಳ್ಳುತ್ತಾರೆ. ಅವರನ್ನು ಕಾಯುವ ಕಾಗದವೇ ಆ ಪಾವತಿ!

ಹನ್ನೊಂದು ತಿಂಗಳ ಬಾಂಡಿನಲ್ಲೂ ಅಂಥ ಮಂತ್ರವೇನಿಲ್ಲ. ಒಂದು ವರ್ಷ ಮೀರಿದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು; ಅದರ ಖರ್ಚು, ಓಡಾಟ ತಪ್ಪಿಸಲು ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ಅಷ್ಟೆ. ಛಾಪಾ ಶುಲ್ಕ ಮಾತ್ರ ಅದಕ್ಕೂ ತಪ್ಪುವುದಿಲ್ಲ. ಇನ್ನು ಲಕ್ಷಗಟ್ಟಲೆ ಕೊಟ್ಟು ಮನೆಯನ್ನು ಭೋಗ್ಯಕ್ಕೆ ಹಿಡಿಯುವವರು ನೋಟರಿಯ ಸೀಲನ್ನೇ ನೋಂದಣಿ ಎಂದು ನಂಬಿ ಕೂರಬಾರದು. ಅವೆರಡೂ ಬೇರೆ ಬೇರೆ.

ಬಾಡಿಗೆದಾರರ ತಪ್ಪು ತಿಳಿವಳಿಕೆ ಇನ್ನೊಂದು ಬಗೆಯದು. "ಬಾಂಡ್ ಇಲ್ಲ, ನಾಳೆ ಬಿಡು ಅಂದ್ರ ಬಿಡಬೇಕು" ಎಂದುಕೊಂಡು ರಾತ್ರೋರಾತ್ರಿ ಸಾಮಾನು ಕಟ್ಟುವವರಿದ್ದಾರೆ. ಒಂದು ವರ್ಷದೊಳಗಿನ ಬಾಡಿಗೆಗೆ ಬಾಯಿಮಾತಿನ ಒಪ್ಪಂದವೂ ನಡೆಯುತ್ತದೆ. ಬೇರೆ ಕರಾರಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ, ತಿಂಗಳ ಬಾಡಿಗೆಯ ಮನೆ ಬಿಡಿಸಲು ಹದಿನೈದು ದಿನಗಳ ನೋಟಿಸ್ ಕೊಡಬೇಕು. ಆಮೇಲೂ ಬಿಡದಿದ್ದರೆ ಮಾಲೀಕರು ಹೋಗಬೇಕಾದದ್ದು ಕೋರ್ಟಿಗೆ. ಬೀಗ ಒಡೆದು ಪಾತ್ರೆ-ಪಗಡ ಬೀದಿಗೆ ಎಸೆಯುವಂತಿಲ್ಲ. ಎಸೆದರೆ, ಹೊರಬಿದ್ದವರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು.

ಸ್ವಂತ ಮನೆ ಇಲ್ಲದವರಿಗೆ ಇಲ್ಲಿ ಓಟಿಲ್ಲ ಎಂಬುದೂ ಸುಳ್ಳು. ಮತದಾರರ ಪಟ್ಟಿಗೆ ಬೇಕಾದದ್ದು ಸಾಮಾನ್ಯ ವಾಸ. ಊರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿ ಆಗುವುದಿಲ್ಲವೆಂದು 1950ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ವಾಸ ಬದಲಿಸಿದವರಿಗೆ ನಮೂನೆ 8 ಇದೆ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಕಥೆಯೂ ಹಾಗೆಯೇ. ಮೀಟರ್ ಮಾಲೀಕರ ಹೆಸರಿನಲ್ಲಿದ್ದರೂ, ಅಲ್ಲಿ ವಾಸಿಸುವುದಕ್ಕೆ ದಾಖಲೆ ಇದ್ದರೆ ಬಾಡಿಗೆದಾರರು ಅರ್ಜಿ ಹಾಕಬಹುದು. ಮನೆ ಬದಲಿಸುವಾಗ ಹಳೆಯ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಿಸಿದ ಆಧಾರ್ ಬಿಡಿಸಿಕೊಳ್ಳುವುದನ್ನು ಮರೆತರೆ, ಹೊಸ ಮನೆಯಲ್ಲಿ ಹೆಸ್ಕಾಂ ಬಿಲ್ಲು ಪೂರ್ತಿ ಬರುತ್ತದೆ.