ಮೂರು ಲಕ್ಷ ಸಲ ನೆನೆದ ಹನ್ನೊಂದು ಪುಟ

ಜೀವರಸಾಯನದ ಲ್ಯಾಬಿನಲ್ಲಿ ಪ್ರೋಟೀನ್ ಅಳೆಯುವುದೆಂದರೆ ಅಡುಗೆಮನೆಯಲ್ಲಿ ಅಕ್ಕಿ ಅಳೆದ ಹಾಗೆ. ಎಷ್ಟಿದೆ ಎಂದು ಗೊತ್ತಾಗದೆ ಮುಂದಿನ ಕೆಲಸಕ್ಕೆ ಕೈಹಾಕುವಂತಿಲ್ಲ. ಅದಕ್ಕೊಂದು ನಂಬಿಕೆಯ ಪಾವು ಮಾಡಿಕೊಟ್ಟವರು ಅಮೆರಿಕದ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲಿವರ್ ಲೌರಿ. ಮೂವರು ಜೊತೆಗಾರರೊಂದಿಗೆ 1951ರಲ್ಲಿ ‘ಜರ್ನಲ್ ಆಫ್ ಬಯಾಲಾಜಿಕಲ್ ಕೆಮಿಸ್ಟ್ರಿ’ಯಲ್ಲಿ ಅವರು ಪ್ರಕಟಿಸಿದ ಪೇಪರ್ ಹನ್ನೊಂದೇ ಪುಟ. 2014ರಲ್ಲಿ ‘ನೇಚರ್’ ಪತ್ರಿಕೆ ಲೆಕ್ಕ ತೆಗೆಸಿದಾಗ ಅದಕ್ಕೆ 3,05,000ಕ್ಕೂ ಹೆಚ್ಚು ಸೈಟೇಶನ್, ಅಂದರೆ ಬೇರೆ ಪೇಪರುಗಳಲ್ಲಿ ಉಲ್ಲೇಖಗಳು, ಇದ್ದವು. ಅತಿ ಹೆಚ್ಚು ಸೈಟೇಶನ್ ಪಡೆದ ಪೇಪರುಗಳ ಪಟ್ಟಿಯಲ್ಲಿ ಅದೇ ಮೊದಲನೆಯದು. ಡಿಎನ್ಎ ರಚನೆಯನ್ನು ಜಗತ್ತಿಗೆ ತಿಳಿಸಿದ ವಾಟ್ಸನ್-ಕ್ರಿಕ್ ಪೇಪರಿಗೆ ಮೊದಲ ನೂರರೊಳಗೂ ಜಾಗವಿರಲಿಲ್ಲ.

ಲೌರಿ ಅವರ ಪೇಪರಿನಲ್ಲಿ ಅಂಥದ್ದೇನಿದೆ? ಒಂದು ಪಾಕವಿಧಾನ, ಅಷ್ಟೇ. ಪ್ರೋಟೀನ್ ಇರುವ ದ್ರಾವಣಕ್ಕೆ ಮೊದಲು ಕ್ಷಾರದಲ್ಲಿ ಕರಗಿಸಿದ ತಾಮ್ರ ಸೇರಬೇಕು. ನಮ್ಮ ಮಲೆನಾಡಿನವರು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೇ ಇಲ್ಲಿಯೂ ತಾಮ್ರದ ಮೂಲ. ಹತ್ತು ನಿಮಿಷ ಸುಮ್ಮನಿರಬೇಕು; ತಾಮ್ರ ಪ್ರೋಟೀನಿನ ಸರಪಳಿಗೆ ಅಂಟಿಕೊಳ್ಳಲಿ. ಆಮೇಲೆ ಹಳದಿ ಬಣ್ಣದ ಫೋಲಿನ್ ದ್ರಾವಣ. ಕೈಚಳಕ ಬೇಕಾಗುವುದು ಇಲ್ಲಿ. ಫೋಲಿನ್ ಕ್ಷಾರಕ್ಕೆ ಬಿದ್ದ ಗಳಿಗೆಯಿಂದಲೇ ಕೆಡತೊಡಗುತ್ತದೆ, ಹಾಗಾಗಿ ಹಾಕಿದ ಒಂದೆರಡು ಸೆಕೆಂಡಿನೊಳಗೆ ಕದಡಿಬಿಡಬೇಕು. ತಡಮಾಡಿದರೆ ಬಣ್ಣ ಪೇಲವ. ಸರಿಯಾಗಿ ಕದಡಿ ಅರ್ಧ ಗಂಟೆ ಬಿಟ್ಟರೆ ಟ್ಯೂಬು ನೀಲಿಗೆ ತಿರುಗುತ್ತದೆ. ಪ್ರೋಟೀನ್ ಹೆಚ್ಚಿದ್ದಷ್ಟೂ ನೀಲಿ ಗಾಢ. ಗೊತ್ತಿರುವ ಅಳತೆಯ ಪ್ರೋಟೀನಿನಿಂದ ಮಾಡಿಟ್ಟ ನೀಲಿಗಳ ಪಕ್ಕದಲ್ಲಿ ಇದನ್ನಿಟ್ಟು ಯಂತ್ರದಲ್ಲಿ ಓದಿಕೊಂಡರೆ ಲೆಕ್ಕ ಸಿಕ್ಕಿತು. ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೂ ಗೊತ್ತಾಗುತ್ತದೆ; ಅದುವರೆಗೆ ಬಳಕೆಯಲ್ಲಿದ್ದ ಬೈಯುರೆಟ್ ವಿಧಾನಕ್ಕಿಂತ ನೂರು ಪಟ್ಟು ಸೂಕ್ಷ್ಮ.

ಫೋಲಿನ್ ದ್ರಾವಣ ಲೌರಿ ಕಂಡುಹಿಡಿದದ್ದಲ್ಲ. ತಾಮ್ರದ ಜೊತೆ ಅದನ್ನು ಸೇರಿಸಬಹುದೆಂದು ಮೊದಲು ಹೊಳೆದದ್ದೂ ಅವರಿಗಲ್ಲ. ಅವರು ಮಾಡಿದ್ದು ಹದ ಹಿಡಿಯುವ ಕೆಲಸ. ಕ್ಷಾರ ಎಷ್ಟು, ಎಷ್ಟು ಹೊತ್ತು ಕಾಯಬೇಕು, ಯಾವ ವಸ್ತು ಬೆರೆತರೆ ಅಳತೆ ತಪ್ಪುತ್ತದೆ ಎಂದು ಒಂದೊಂದನ್ನೂ ಪರೀಕ್ಷಿಸಿ ಬರೆದರು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವರು ತಮ್ಮ ವಿಧಾನದ ದೋಷಗಳನ್ನು ತಾವೇ ಹೇಳಿಕೊಂಡ ರೀತಿ: ಬೇರೆ ಬೇರೆ ಪ್ರೋಟೀನಿಗೆ ಬಣ್ಣ ಒಂದೇ ಸಮ ಬರುವುದಿಲ್ಲ, ಪ್ರಮಾಣ ಎರಡರಷ್ಟಾದರೆ ಬಣ್ಣ ಸರಿಯಾಗಿ ಎರಡರಷ್ಟಾಗುವುದಿಲ್ಲ. ಹೀಗೆ ಮೊದಲೇ ಹೇಳಿಟ್ಟಿದ್ದನ್ನು ಇನ್ನೊಬ್ಬರು ಧೈರ್ಯವಾಗಿ ಬಳಸಬಹುದು.

ಇಂಥ ಪೇಪರನ್ನು ಪತ್ರಿಕೆ ಮೊದಲ ಸಲ ವಾಪಸ್ ಕಳಿಸಿತ್ತು, ಚೆನ್ನಾಗಿ ಕತ್ತರಿಸಿ ಚಿಕ್ಕದು ಮಾಡಬೇಕೆಂದು!

ಲೌರಿ ಅವರ ಜೀವಮಾನದ ಕೆಲಸ ಬೇರೆಯೇ ಇತ್ತು. ಕೂದಲಿಗಿಂತ ತೆಳುವಾದ ಕ್ವಾರ್ಟ್ಸ್ ಎಳೆಯ ತುದಿಗೆ ಒಂದೇ ಒಂದು ನರಕೋಶವನ್ನಿಟ್ಟು, ಎಳೆ ಬಾಗಿದ್ದನ್ನು ನೋಡಿ ತೂಕ ಹೇಳುವ ತಕ್ಕಡಿ ಕಟ್ಟಿದವರು ಅವರು. ಮಿದುಳಿನ ಒಂದೊಂದು ಕೋಶದ ರಸಾಯನವನ್ನು ತಿಳಿಯಬೇಕೆಂಬುದು ಅವರ ಹಂಬಲ. ಲೋಕ ಹಿಡಿದುಕೊಂಡದ್ದು ಮಾತ್ರ ನೀಲಿ ಬಣ್ಣವನ್ನು. ಅದೇನೂ ಮಹಾನ್ ಪೇಪರಲ್ಲ, ಆದರೂ ಸಿಕ್ಕ ಮನ್ನಣೆ ಒಳಗೊಳಗೇ ಖುಷಿ ಕೊಡುತ್ತದೆ ಎಂದು ಪತ್ರವೊಂದರಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

ಪಟ್ಟಿಯಲ್ಲಿ ಎರಡನೆಯವರು ಸ್ವಿಟ್ಜರ್ಲೆಂಡಿನ ಉಲ್ರಿಕ್ ಲೆಮ್ಲಿ. 1970ರಲ್ಲಿ ಕೇಂಬ್ರಿಜ್‌ನಲ್ಲಿದ್ದಾಗ ಅವರು ‘ನೇಚರ್’ನಲ್ಲಿ ಬರೆದದ್ದು ಬ್ಯಾಕ್ಟೀರಿಯಾಕ್ಕೆ ತಗಲುವ ಟಿ4 ವೈರಸ್ಸಿನ ತಲೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದರ ಬಗ್ಗೆ. ಆ ವೈರಸ್ಸಿಗಾಗಿ ಅದನ್ನು ತೆರೆಯುವವರು ಕಡಿಮೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಜೆಲ್ಲಿನಲ್ಲಿ ಬಿಡಿಸುವ ವಿಧಾನಕ್ಕಾಗಿ ಎರಡು ಲಕ್ಷಕ್ಕೂ ಹೆಚ್ಚು ಸಲ ಅದನ್ನು ಹೆಸರಿಸಿದ್ದಾರೆ. ಆ ವಿಧಾನವನ್ನು ಲೆಮ್ಲಿ ವಿವರಿಸಿದ್ದು ಒಂದು ಚಿತ್ರದ ಕೆಳಗಿನ ಸಣ್ಣ ಅಕ್ಷರಗಳಲ್ಲಿ.